ಅಟ್ಲಾಂಟಿಕ್ ರ‍್ಯಾಲಿಗೆ ಹೊರಟಿದ್ದೇವೆ, ರಾತ್ರಿ ಹೊತ್ತು ಆಟೋಪೈಲಟ್ ತಾನಾಗೇ ಆಫ್ ಆಗುತ್ತಿದೆ

ಹಾಯಿ_ಕುಮಟಾ:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ, ಇಬ್ಬರು ಗೆಳೆಯರು ಈ ನವೆಂಬರ್‌ನಲ್ಲಿ ಎಆರ್‌ಸಿ (ಹಾಯಿದೋಣಿಗಳು ಜೊತೆಯಾಗಿ ಅಟ್ಲಾಂಟಿಕ್ ದಾಟುವ) ರ‍್ಯಾಲಿಯಲ್ಲಿ ಹೊರಡುತ್ತಿದ್ದೇವೆ. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಗೆ, ಸುಮಾರು 2,700 ನಾಟಿಕಲ್ ಮೈಲಿ. ದೋಣಿ 40 ಅಡಿ. ಲೈಫ್‌ರಾಫ್ಟ್, ಇಪರ್ಬ್ (ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನ), ಸ್ಯಾಟಲೈಟ್ ಫೋನ್ ಎಲ್ಲ ತಯಾರಿದೆ, ಅದರ ಚಿಂತೆ ಇಲ್ಲ.

ಚಿಂತೆ ಆಟೋಪೈಲಟ್‌ದು, ಅಂದರೆ ಚುಕ್ಕಾಣಿಯನ್ನು ತಾನೇ ತಿರುಗಿಸಿ ದೋಣಿ ನಡೆಸುವ ಯಂತ್ರದ್ದು. ಇಂಗ್ಲೆಂಡಿನಿಂದ ಕ್ಯಾನರಿಗೆ ಬರುವಾಗ ಹಗಲು ಚೆನ್ನಾಗೇ ನಡೆಯಿತು. ರಾತ್ರಿ, ಅದೂ ಹಿಂದಿನಿಂದ ದೊಡ್ಡ ಅಲೆ ಬಂದಾಗ, ಪರದೆ ಕಪ್ಪಾಗಿ ರೀಸ್ಟಾರ್ಟ್ ಆಗುತ್ತದೆ. ಅಷ್ಟರಲ್ಲಿ ದೋಣಿ ಗಾಳಿಯ ಕಡೆಗೆ ತಿರುಗಿಬಿಡುತ್ತದೆ. ಇನ್ನೊಂದು ವಿಷಯ, ಲಾಸ್ ಪಾಲ್ಮಾಸ್‌ನಲ್ಲಿ ಸಾಮಾನು ತುಂಬಿಸಿದ ಮೇಲೆ ಆಟೋಪೈಲಟ್ ತೋರಿಸುವ ದಿಕ್ಕಿಗೂ ಚಕ್ರದ ಮುಂದಿರುವ ದಿಕ್ಸೂಚಿಗೂ 20 ಡಿಗ್ರಿ ವ್ಯತ್ಯಾಸ ಬರುತ್ತಿದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಕಂಪ್ಯೂಟರ್ ಡಬ್ಬಿಯನ್ನೇ ಬದಲಿಸಿ ಅನ್ನುತ್ತಾರೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಬ್ಯಾಟರಿ 440 ಆಂಪಿಯರ್-ಅವರ್, ಲೆಡ್ ಆಸಿಡ್. ಸೋಲಾರ್ 300 ವ್ಯಾಟ್, ಹಿಂದಿನ ಕಮಾನಿನ ಮೇಲೆ. ಬದಲಿಸಲೇ ಬೇಕಾ?

ಮಲ್ಪೆ_ವೈರಿಂಗ್:
ಸ್ವಲ್ಪ ತಡೆಯಿರಿ ಮಾರಾಯ್ರೆ, ಡಬ್ಬಿಗೆ ಈಗಲೇ ದುಡ್ಡು ಹಾಕಬೇಡಿ. ಹಗಲು ಸರಿ, ರಾತ್ರಿ ಕೆಡುತ್ತದೆ ಅಂದರೆ ನನ್ನ ಮೊದಲ ಅನುಮಾನ ವೋಲ್ಟೇಜ್ ಮೇಲೆ. ಹಗಲು ಸೋಲಾರ್ ಬ್ಯಾಟರಿಯನ್ನು ಎತ್ತಿ ಹಿಡಿದಿರುತ್ತದೆ. ರಾತ್ರಿ ಆ ಆಸರೆ ಇಲ್ಲ, ಮೇಲಿಂದ ದೀಪ, ರೇಡಾರ್, ಫ್ರಿಜ್ ಎಲ್ಲ ಎಳೆಯುತ್ತವೆ. ದೊಡ್ಡ ಅಲೆ ಬಂದಾಗ ಚುಕ್ಕಾಣಿ ತಿರುಗಿಸೋ ಮೋಟಾರ್ ಒಮ್ಮೆಗೇ 15 ಆಂಪಿಯರ್ ಕೇಳಿದರೂ ಆಶ್ಚರ್ಯವಿಲ್ಲ.

ಈಗ ವೈರ್ ನೋಡಿ. ಬ್ಯಾಟರಿಯಿಂದ ಆಟೋಪೈಲಟ್‌ವರೆಗೆ 10 ಮೀಟರ್ ಅಂದುಕೊಳ್ಳೋಣ, ಹೋಗಿ ಬರೋದು 20. ವೈರ್ 4 ಚದರ ಮಿಲಿಮೀಟರ್ ಆಗಿದ್ದರೆ 15 ಆಂಪಿಯರ್‌ಗೆ ದಾರಿಯಲ್ಲೇ 1.3 ವೋಲ್ಟ್ ಹೋಯಿತು. ಜಾಯಿಂಟ್‌ನಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಇನ್ನೊಂದು ಅರ್ಧ ವೋಲ್ಟ್. ಬ್ಯಾಟರಿಯಲ್ಲಿ 12.2 ಇದ್ದರೂ ಆ ಕಡೆ ಸಿಗೋದು 10.4. ಅಷ್ಟಕ್ಕೆ ಎಷ್ಟೋ ಕಂಪ್ಯೂಟರ್‌ಗಳು ಕೈಕೊಡುತ್ತವೆ.

ಬಂದರಿನಲ್ಲಿ ಕಟ್ಟಿ ನಿಲ್ಲಿಸಿ ಅಳೆದರೆ ಏನೂ ಗೊತ್ತಾಗಲ್ಲ, ಚುಕ್ಕಾಣಿ ಮೇಲೆ ಭಾರವೇ ಇರಲ್ಲ. ಅಲೆ ಇರೋ ಕಡೆ ಹೊರಗೆ ಹೋಗಿ, ಎಂಜಿನ್ ಆಫ್ ಮಾಡಿ, ಹಾಯಿಯಲ್ಲೇ ಹೋಗುತ್ತಾ ಮಲ್ಟಿಮೀಟರ್ ಅನ್ನು ಆಟೋಪೈಲಟ್ ಟರ್ಮಿನಲ್‌ಗೇ ಹಚ್ಚಿ. ಇನ್ನೊಬ್ಬರು ಅದೇ ಹೊತ್ತಿಗೆ ಬ್ಯಾಟರಿ ಹತ್ತಿರ ನೋಡಲಿ. ಎರಡರ ನಡುವಿನ ವ್ಯತ್ಯಾಸವೇ ನಿಮಗೆ ಉತ್ತರ ಹೇಳುತ್ತದೆ.

20 ಡಿಗ್ರಿ ವಿಷಯ ಬೇರೆ. ಆಟೋಪೈಲಟ್‌ಗೆ ದಿಕ್ಕು ಹೇಳೋ ಫ್ಲಕ್ಸ್‌ಗೇಟ್ ಕಂಪಾಸ್ (ವಿದ್ಯುತ್ ದಿಕ್ಸೂಚಿ) ಎಲ್ಲಿದೆ? ಸಾಮಾನ್ಯವಾಗಿ ಯಾವುದೋ ಮಂಚದ ಕೆಳಗೆ ಇರುತ್ತದೆ. ಅದರ ಪಕ್ಕ ಏನು ಜೋಡಿಸಿದ್ದೀರಿ ನೋಡಿ. ಊಟದ ಟಿನ್, ಟೂಲ್ ಬಾಕ್ಸ್, ಸ್ಪೀಕರ್ ಯಾವುದೂ ಅಲ್ಲಿರಬಾರದು, ಕಬ್ಬಿಣ, ಅಯಸ್ಕಾಂತ ಹತ್ತಿರವಿದ್ದರೆ ಅದು ತಪ್ಪು ದಿಕ್ಕು ತೋರಿಸುತ್ತದೆ.

ರಾಟರ್‌ಡ್ಯಾಮ್_ಅಕ್ಕ:
ಮೇಲಿನವರು ಹೇಳಿದ್ದು ಸರಿ. ನಾನು ಇದೇ ರ‍್ಯಾಲಿಯಲ್ಲಿ ಸಿಬ್ಬಂದಿಯಾಗಿ ಹೋಗಿದ್ದೇನೆ, ಹಾಗಾಗಿ ಎರಡು ಮಾತು ಸೇರಿಸುತ್ತೇನೆ.

ವೈರ್ ಸರಿ ಮಾಡಿದರೂ ಕರೆಂಟ್ ಲೆಕ್ಕ ಹಾಕಲೇಬೇಕು. ಆಟೋಪೈಲಟ್ ಸರಾಸರಿ 5 ಆಂಪಿಯರ್ ಅಂದರೂ ದಿನಕ್ಕೆ 120 ಆಂಪಿಯರ್-ಅವರ್. ಫ್ರಿಜ್ 50, ಪ್ಲಾಟರ್ (ನಕ್ಷೆಯ ಪರದೆ) ಮತ್ತು ಮೀಟರ್‌ಗಳು 50, ಎಐಎಸ್ (ಸುತ್ತಲಿನ ಹಡಗು ತೋರಿಸೋ ಸಾಧನ) ಮತ್ತು ದೀಪ 15. ರೇಡಾರ್ ಬಿಟ್ಟೇ 235 ಆಯಿತು. ಲೆಡ್ ಆಸಿಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಅಂದರೆ ನಿಮ್ಮ ಕೈಲಿರೋದು 220. ಸೋಲಾರ್‌ನಿಂದ 80–100 ಬಂದರೆ ಸಂತೋಷ. ನೀವು ಪಶ್ಚಿಮಕ್ಕೆ ಹೋಗುತ್ತಿರುತ್ತೀರಿ, ಮಧ್ಯಾಹ್ನದ ಮೇಲೆ ಸೂರ್ಯ ಮುಂದಿರುತ್ತಾನೆ, ಹಾಯಿಯ ನೆರಳು ಸೀದಾ ಹಿಂದಿನ ಕಮಾನಿನ ಮೇಲೆ ಬೀಳುತ್ತದೆ. ಗಾಳಿಯಂತ್ರ ಹಾಕಿಸೋಣ ಅಂತ ಯಾರಾದರೂ ಹೇಳಿದರೆ ಯೋಚಿಸಿ, ಬೆನ್ನ ಹಿಂದಿನ 18 ನಾಟ್ ಗಾಳಿಯಲ್ಲಿ ನೀವೇ 6 ನಾಟ್ ಓಡುತ್ತಿದ್ದರೆ ಅದಕ್ಕೆ ಸಿಗೋದು 12 ಮಾತ್ರ. ನೀರಿನಲ್ಲಿ ತಿರುಗುವ ಜನರೇಟರ್ ಒಳ್ಳೆಯದು, ಆದರೆ ಸರ್ಗಾಸಮ್ ಪಾಚಿ ಸಿಕ್ಕಿಕೊಳ್ಳುತ್ತದೆ, ಆಗಾಗ ಎತ್ತಿ ಬಿಡಿಸಬೇಕು. ಉಳಿದದ್ದಕ್ಕೆ ದಿನಾ ಎಂಜಿನ್ ಓಡಿಸಬೇಕು, ಅದಕ್ಕೆ ತಕ್ಕ ಡೀಸೆಲ್ ಈಗಲೇ ಲೆಕ್ಕ ಹಾಕಿ ಇಟ್ಟುಕೊಳ್ಳಿ.

ಆದರೆ ಕರೆಂಟ್ ಉಳಿಸೋ ನಿಜವಾದ ದಾರಿ ಹಾಯಿ. ಪೂರ್ತಿ ಮೇನ್‌ಸೇಲ್ (ಮುಖ್ಯ ಹಾಯಿ) ಬಿಟ್ಟುಕೊಂಡು ಓಡಿದರೆ ದೋಣಿ ಗಾಳಿಯ ಕಡೆಗೇ ಎಳೆಯುತ್ತದೆ, ಆಟೋಪೈಲಟ್ ಅದರ ಜೊತೆ ರಾತ್ರಿಯಿಡೀ ಗುದ್ದಾಡಬೇಕು. ಕತ್ತಲಾಗೋ ಮೊದಲೇ ಮೇನ್‌ಸೇಲ್ ಕಿರಿದು ಮಾಡಿ, ಮುಂದಿನ ಹಾಯಿಯನ್ನು ಪೋಲ್ ಹಾಕಿ ಇನ್ನೊಂದು ಬದಿಗೆ ಬಿಚ್ಚಿ. ಮುಂದಿನಿಂದ ಎಳೆತ ಜಾಸ್ತಿಯಾದರೆ ದೋಣಿ ನೆಟ್ಟಗೆ ಹೋಗುತ್ತದೆ. ಬೂಮ್‌ಗೆ (ಮೇನ್‌ಸೇಲ್ ಬುಡದ ಅಡ್ಡಕಂಬಕ್ಕೆ) ಅದು ಬೀಸದಂತೆ ತಡೆಯೋ ಪ್ರಿವೆಂಟರ್ ಹಗ್ಗ ಕಟ್ಟದೆ ಒಂದು ಗಂಟೆಯೂ ಓಡಬೇಡಿ. ಆಟೋಪೈಲಟ್ ಸತ್ತ ಕ್ಷಣದಲ್ಲಿ ಆ ಬೂಮ್ ಅಡ್ಡ ಬೀಸಿದರೆ ತಲೆ ಉಳಿಯೋದು ಕಷ್ಟ.

ಹಾಯಿ_ಕುಮಟಾ:
ಬಹಳ ಬಹಳ ಧನ್ಯವಾದ ಇಬ್ಬರಿಗೂ. ಹೊರಗೆ ಹೋಗಿ ಅಳೆದೆವು. ಬ್ಯಾಟರಿಯಲ್ಲಿ 12.3, ಟರ್ಮಿನಲ್‌ನಲ್ಲಿ 10.4! ವೈರ್ 4 ಚದರ ಮಿಲಿಮೀಟರ್‌ದೇ, ಒಂದು ಜಾಯಿಂಟ್ ಮುಟ್ಟಿದರೆ ಪುಡಿಯಾಯಿತು. 16 ಚದರ ಮಿಲಿಮೀಟರ್‌ನ ತವರ ಲೇಪದ ವೈರ್ ಎಳೆದು ಹೊಸ ಲಗ್ (ವೈರ್ ತುದಿಯ ಲೋಹದ ಕೊಂಡಿ) ಒತ್ತಿಸಿದ ಮೇಲೆ 11.9 ಬರುತ್ತಿದೆ. ಕತ್ತಲಲ್ಲಿ ಮತ್ತೆ ಹೊರಗೆ ಹೋಗಿ ಬಂದೆವು, ಒಮ್ಮೆಯೂ ಆಫ್ ಆಗಲಿಲ್ಲ. ಕಂಪಾಸ್ ಪಕ್ಕದ ಕಡಲೆಕಾಳು, ಟೊಮೆಟೊ ಟಿನ್‌ಗಳನ್ನು ಮುಂದಿನ ಕ್ಯಾಬಿನ್‌ಗೆ ಸಾಗಿಸಿ, ದೋಣಿಯನ್ನು ನಿಧಾನವಾಗಿ ಸುತ್ತು ಹೊಡೆಸಿ ಕಂಪಾಸ್ ಹೊಂದಿಸಿದೆವು. 20 ಡಿಗ್ರಿ ಮಾಯ.

ಒಂದೇ ಪ್ರಶ್ನೆ ಉಳಿಯಿತು ಅಕ್ಕ. ಅಷ್ಟಾದರೂ ನಡುವೆ ಕೈಕೊಟ್ಟರೆ ನಾಲ್ಕೇ ಜನ ಹೇಗೆ ನಿಭಾಯಿಸೋದು?

ರಾಟರ್‌ಡ್ಯಾಮ್_ಅಕ್ಕ:
ನಾಲ್ಕು ಜನಕ್ಕೆ ಆಗುತ್ತದೆ, ಆದರೆ ಕೈಯಲ್ಲಿ ನಡೆಸೋ ಅಭ್ಯಾಸ ಈಗಲೇ ಆಗಬೇಕು. ಹೊರಡೋ ಮೊದಲು ಒಂದು ರಾತ್ರಿ ಆಟೋಪೈಲಟ್ ಮುಟ್ಟದೆ ಓಡಿಸಿ, ಗಾಳಿ ಹಿಂದಿನಿಂದಲೇ ಇರಲಿ. ನಾಲ್ವರೂ ಸರದಿ ತೆಗೆದುಕೊಳ್ಳಲಿ, ನಿಮ್ಮ ಹೆಂಡತಿಯೂ. ಕತ್ತಲಲ್ಲಿ ಚಕ್ರ ಹಿಡಿದವರಿಗೆ ಒಂದು ಗಂಟೆಗೇ ಗಮನ ತಪ್ಪುತ್ತದೆ, ಹಾಗಾಗಿ ಒಬ್ಬರಿಗೇ ಮೂರು ಗಂಟೆಯ ಪಾಳಿ ಬೇಡ. ಇಬ್ಬರಿಬ್ಬರ ಜೋಡಿ ಮಾಡಿ, ನಾಲ್ಕು ಗಂಟೆ ಒಂದು ಜೋಡಿ, ಅದರೊಳಗೆ ಗಂಟೆಗೊಮ್ಮೆ ಚಕ್ರ ಬದಲಾಗಲಿ. ಇನ್ನೊಂದು ಜೋಡಿ ನಿದ್ದೆಯನ್ನೇ ಮಾಡಲಿ, ಹರಟೆ ಬೇಡ.

ಎಮರ್ಜೆನ್ಸಿ ಟಿಲ್ಲರ್ (ಚಕ್ರ ಕೆಟ್ಟರೆ ಚುಕ್ಕಾಣಿ ತಿರುಗಿಸೋ ಕೈಕೋಲು) ಇದೆಯಾ ಅಂತ ರ‍್ಯಾಲಿಯವರು ನೋಡುತ್ತಾರೆ. ಇದ್ದರೆ ಸಾಲದು, ಸಮುದ್ರದಲ್ಲಿ ಜೋಡಿಸಿ ಅದರಲ್ಲೇ ಸ್ವಲ್ಪ ದೂರ ಓಡಿಸಿ. ಕೆಲವು ದೋಣಿಗಳಲ್ಲಿ ಅದು ಚಕ್ರದ ಕಂಬಕ್ಕೆ ತಾಗುತ್ತದೆ, ಪೂರ್ತಿ ತಿರುಗಲ್ಲ. ಲಾಸ್ ಪಾಲ್ಮಾಸ್‌ನಲ್ಲಿ ಗೊತ್ತಾದರೆ ವೆಲ್ಡಿಂಗ್ ಮಾಡಿಸಬಹುದು.