ಮನೆ ಟರ್ಬೈನ್‌ನಲ್ಲಿ ಉಳಿಯುವ ಕರೆಂಟು: ಲೋಡ್ ನಿಭಾಯಿಸಲು ಸ್ಪೈಕಿಂಗ್ ನ್ಯೂರಲ್ ನೆಟ್‌ವರ್ಕ್ ಆಗುತ್ತಾ?

ಹಳ್ಳದಮನೆ:
ತೀರ್ಥಹಳ್ಳಿ ಕಡೆಯವನು. ತೋಟದ ಮೇಲಿನ ಹಳ್ಳದಿಂದ ಪೈಪ್ ಎಳೆದು 1 ಕಿಲೋವ್ಯಾಟ್‌ನ ಸಣ್ಣ ಪೆಲ್ಟನ್ ಟರ್ಬೈನ್ ಕೂರಿಸಿದ್ದೇವೆ. ಮಳೆಗಾಲದಲ್ಲಿ ಹಗಲು ರಾತ್ರಿ ತಿರುಗುತ್ತದೆ. ಮನೆಗೆ ಬೇಕಾದಷ್ಟು ಹೋಗಿ ಉಳಿದಿದ್ದನ್ನೆಲ್ಲ ಲೋಡ್ ಕಂಟ್ರೋಲರ್ ಒಂದು ಹೀಟರ್ ಕಾಯಿಲ್‌ಗೆ ತಳ್ಳಿ ಸುಟ್ಟು ಹಾಕುತ್ತದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಅದೇ ಕರೆಂಟಲ್ಲಿ ಬಚ್ಚಲಿನ ನೀರು ಕಾಯಿಸಬಹುದು, ಬ್ಯಾಟರಿ ತುಂಬಿಸಬಹುದು, ಅಡಿಕೆ ಡ್ರೈಯರ್ ಫ್ಯಾನ್ ಓಡಿಸಬಹುದು ಅಲ್ವಾ?

ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಮತ್ತು ಅದು ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್, ಅಂದರೆ ರಿಲೇ, ಇಟ್ಟುಕೊಂಡು ಶುರು ಮಾಡಿದ್ದೇನೆ. ಸ್ಪೈಕಿಂಗ್ ನೆಟ್‌ವರ್ಕ್, ಅಂದರೆ ಮೆದುಳಿನ ನರಕೋಶದ ಹಾಗೆ ಸಣ್ಣ ಮಿಡಿತ (ಸ್ಪೈಕ್) ಕಳಿಸಿ ಲೆಕ್ಕ ಮಾಡುವ ಕೃತಕ ನ್ಯೂರಾನ್‌ಗಳ ಜಾಲ, ಬಹಳ ಕಡಿಮೆ ಕರೆಂಟಲ್ಲಿ ಕೆಲಸ ಮಾಡುತ್ತದೆ ಅಂತ ಓದಿದೆ. ಇಂಥ ಕೆಲಸಕ್ಕೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಲ್ಯಾಬ್_ಹುಡುಗಿ:
ಒಳ್ಳೇ ಪ್ರಶ್ನೆ ಸರ್. ಮೊದಲು ಲೆಕ್ಕ ನೋಡಿ. ನಿಮ್ಮ ಬೋರ್ಡ್ ವೈಫೈ ಸೇರಿ ಅರ್ಧ ವ್ಯಾಟ್ ತಿನ್ನುತ್ತದೆ ಅಂತ ಹಿಡಿದರೂ ದಿನಕ್ಕೆ 12 ವ್ಯಾಟ್-ಅವರ್ ಆಯಿತು. 1 ಕಿಲೋವ್ಯಾಟ್ ಕಾಯಿಲ್ ಸುಮ್ನೆ ಒಂದು ನಿಮಿಷ ಉರಿದರೆ ಸುಮಾರು 17 ವ್ಯಾಟ್-ಅವರ್ ಹೋಗುತ್ತದೆ. ಹಾಗಾಗಿ ಮನೆಯೊಳಗಿನ ಬೋರ್ಡ್‌ನಲ್ಲಿ ಉಳಿಸಿ ಏನೂ ಗಿಟ್ಟುವುದಿಲ್ಲ. ಯಾವ ಲೋಡ್ ಯಾವಾಗ ಆನ್ ಆಗಬೇಕು ಅನ್ನುವುದರಲ್ಲೇ ನಿಮ್ಮ ಉಳಿತಾಯ ಇರುವುದು.

ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಚಿಪ್‌ಗಳ ಮಾತು. ಐಬಿಎಂನ ಟ್ರೂನಾರ್ತ್ 2014ರಲ್ಲಿ ಬಂತು. 10 ಲಕ್ಷ ನ್ಯೂರಾನ್ ಇಟ್ಟುಕೊಂಡು ಸುಮಾರು 70 ಮಿಲಿವ್ಯಾಟ್‌ನಲ್ಲಿ ಓಡುತ್ತಿತ್ತು. ಇಂಟೆಲ್‌ನ ಲೋಹಿ 2017ರದ್ದು. ಅವುಗಳಲ್ಲಿ ಸ್ಪೈಕ್ ಬಂದ ಜಾಗ ಮಾತ್ರ ಕೆಲಸ ಮಾಡುತ್ತದೆ, ಉಳಿದದ್ದು ತೆಪ್ಪಗಿರುತ್ತದೆ. ಅದನ್ನೇ ಮಾಮೂಲಿ ಬೋರ್ಡ್‌ನಲ್ಲಿ ಲೂಪ್ ಹಾಕಿ ಪ್ರತಿ ಕ್ಷಣಕ್ಕೂ ಎಲ್ಲ ನ್ಯೂರಾನ್‌ಗಳ ಲೆಕ್ಕ ಮಾಡಿಸಿದರೆ ಆ ಲಾಭವೆಲ್ಲ ಹೋಯಿತು.

ಆದರೂ ಬಿಡಬೇಡಿ. ಆ ನ್ಯೂರಾನ್‌ನ ಗುಣವೇ ನಿಮ್ಮ ಕೆಲಸಕ್ಕೆ ಸರಿಯಾಗಿದೆ. ಅದು ತಳದಲ್ಲಿ ಸಣ್ಣ ತೂತಿರುವ ಕೊಡದ ಹಾಗೆ. ಸ್ಪೈಕ್ ಬಂದಾಗ ಒಂದಿಷ್ಟು ತುಂಬುತ್ತದೆ, ಬಾರದಿದ್ದರೆ ಸೋರುತ್ತಾ ಹೋಗುತ್ತದೆ, ಮಿತಿ ದಾಟಿದರೆ ತಾನೊಂದು ಸ್ಪೈಕ್ ಬಿಟ್ಟು ಖಾಲಿಯಾಗುತ್ತದೆ. ವೋಲ್ಟೇಜ್ 200ಕ್ಕಿಂತ ಕೆಳಗಿರುವ ಪ್ರತಿ ಸೆಕೆಂಡಿಗೆ ಒಂದು ಸ್ಪೈಕ್, ಅದರ ತೂಕ (ಒಂದು ಸ್ಪೈಕ್‌ಗೆ ತುಂಬುವಷ್ಟು) 0.4, ಸೆಕೆಂಡಿಗೆ 0.8 ಭಾಗ ಉಳಿಯಲಿ, ಮಿತಿ 1 ಅಂತ ಇಡಿ. ಮಿಕ್ಸಿ ಹಾಕಿದಾಗ ಒಂದು ಕ್ಷಣ ಲೈಟ್ ಡಲ್ ಆದರೆ 0.4 ಆಗಿ ಸೋರಿ ಹೋಗುತ್ತದೆ. ಸತತ ಡಲ್ ಇದ್ದರೆ 0.4, 0.72, 0.976, ನಾಲ್ಕನೇದಕ್ಕೆ 1.18. ಆಗ ಮಾತ್ರ ನೀರಿನ ಹೀಟರ್ ಆಫ್. ರಿಲೇ ಟಕಟಕ ಅನ್ನುವುದು ನಿಲ್ಲುತ್ತದೆ.

ಒಂದೇ ನ್ಯೂರಾನ್ ಇದ್ದರೆ ಅದು ನೆಟ್‌ವರ್ಕ್ ಅಲ್ಲ, ನಿಜ. ಹೀಟರ್, ಡ್ರೈಯರ್, ಬ್ಯಾಟರಿಗೆ ಒಂದೊಂದು ಇಟ್ಟು, ಒಂದು ಸ್ಪೈಕ್ ಬಿಟ್ಟಾಗ ಉಳಿದೆರಡರ ಮಟ್ಟ ಇಳಿಯುವಂತೆ ಮೈನಸ್ ತೂಕದಲ್ಲಿ ಜೋಡಿಸಿ. ಆಗ ಎಲ್ಲವೂ ಒಟ್ಟಿಗೆ ಆಫ್ ಆಗುವುದು ತಪ್ಪುತ್ತದೆ. ಮೂರು ಲೋಡ್‌ಗೆ ತರಬೇತಿ ಏನೂ ಬೇಡ, ತೂಕ ಕೈಯಿಂದಲೇ ಹಾಕಬಹುದು.

ವೈರಿಂಗ್_ಮೇಸ್ತ್ರಿ_ಸಾಗರ:
ಮಾರಾಯ್ರೆ, ಇದೆಲ್ಲ ಚೆನ್ನಾಗಿದೆ, ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈಗಿರುವ ಲೋಡ್ ಕಂಟ್ರೋಲರ್ ಮತ್ತು ಕಾಯಿಲ್‌ಗೆ ಕೈ ಹಾಕಬೇಡಿ. ಆ ವೈರು ನಿಮ್ಮ ರಿಲೇ ಮೂಲಕ ಹೋಗಲೇಬಾರದು. ಲೋಡ್ ಪೂರ್ತಿ ಬಿಟ್ಟುಹೋದರೆ ಪೆಲ್ಟನ್ ಚಕ್ರ ಹತ್ತಿರ ಹತ್ತಿರ ಎರಡು ಪಟ್ಟು ವೇಗಕ್ಕೆ ಹೋಗುತ್ತದೆ, ವೋಲ್ಟೇಜ್ ಏರಿ ಮನೆಯ ಬಲ್ಬು, ಟಿವಿ ಎಲ್ಲ ಹಾಳು. ನಿಮ್ಮ ಬೋರ್ಡ್ ಹ್ಯಾಂಗ್ ಆದರೂ ಕಾಯಿಲ್ ಇಡೀ 1 ಕಿಲೋವ್ಯಾಟ್ ಹೊರುವಂತಿರಬೇಕು. ಗಾಬರಿಯಾಗಿ ವಾಲ್ವ್ ರಪ್ಪಂತ ಮುಚ್ಚಿದರೆ ನೀರಿನ ಹೊಡೆತಕ್ಕೆ ಪೈಪೇ ಒಡೆದೀತು, ಅದೂ ನೆನಪಿರಲಿ.

ಇನ್ನೊಂದು, 2 ಕಿಲೋವ್ಯಾಟ್ ಗೀಸರ್ ಈ ಟರ್ಬೈನ್‌ಗೆ ಆಗುವುದಿಲ್ಲ. 500 ವ್ಯಾಟ್ ಕಾಯಿಲ್ ಹಾಕಿ, ಥರ್ಮೋಸ್ಟಾಟ್ ಬೇರೆಯೇ ಇರಲಿ. ಅರ್ಥಿಂಗ್ ಇಲ್ಲದೆ ಬಚ್ಚಲಿಗೆ ಕರೆಂಟು ಒಯ್ಯಲೇಬೇಡಿ, ಮಳೆಗಾಲದಲ್ಲಿ ಗೋಡೆಯೆಲ್ಲ ಥಂಡಿ ಹಿಡಿದಿರುತ್ತದೆ.

ಹಳ್ಳದಮನೆ:
ಇಬ್ಬರಿಗೂ ಧನ್ಯವಾದ. ಕಾಯಿಲ್ ಮುಟ್ಟುವುದಿಲ್ಲ. ಮೂರು ನ್ಯೂರಾನ್ ಸಾಕು ಅನ್ನುವುದು ಕೇಳಿ ಧೈರ್ಯ ಬಂತು. ಇನ್ನೊಂದು ಸಂದೇಹ. ಮೇಲೆ ಕಟ್ಟಿನ ಹತ್ತಿರ ನೀರಿನ ಮಟ್ಟ ನೋಡುವ ಸೆನ್ಸರ್ ಇಟ್ಟಿದ್ದೇನೆ. ಮರದ ನೆರಳು, ಜುಲೈನಲ್ಲಿ ಬಿಸಿಲೇ ಇಲ್ಲ, ಸೋಲಾರ್ ದಂಡ. ಬ್ಯಾಟರಿ ಬಹಳ ಬೇಗ ಮುಗಿಯುತ್ತದೆ.

ಲ್ಯಾಬ್_ಹುಡುಗಿ:
ಅಲ್ಲೇ ನೋಡಿ ಸರ್ ಸ್ಪೈಕ್ ನಿಜವಾಗಿ ಉಪಯೋಗಕ್ಕೆ ಬರುವುದು! ಒಂದು 18650 ಸೆಲ್‌ನಲ್ಲಿ (ರೀಚಾರ್ಜ್ ಆಗುವ ಲಿಥಿಯಂ ಸೆಲ್) ಸುಮಾರು 9 ವ್ಯಾಟ್-ಅವರ್ ಇರುತ್ತದೆ. ಬೋರ್ಡ್ ಸದಾ ಎಚ್ಚರ ಇದ್ದರೆ ಒಂದೇ ದಿನಕ್ಕೆ ಖಾಲಿ. ಅದರ ಬದಲು ಫ್ಲೋಟ್ ಸ್ವಿಚ್‌ಗಳನ್ನು ಬೇರೆ ಬೇರೆ ಎತ್ತರಕ್ಕೆ ಕಟ್ಟಿ, ಮಟ್ಟ ಬದಲಾದಾಗ ಮಾತ್ರ ಇಂಟರಪ್ಟ್, ಅಂದರೆ ಚಿಪ್ ಎಬ್ಬಿಸುವ ಸಂಕೇತ, ಹೋಗಲಿ. ಅದೇ ನಿಮ್ಮ ಸ್ಪೈಕ್. ಉಳಿದ ಹೊತ್ತು ಡೀಪ್ ಸ್ಲೀಪ್, ಆಗ ಚಿಪ್ ಎಳೆಯುವುದು 10 ಮೈಕ್ರೋಆಂಪ್ ಆಸುಪಾಸು. ಎದ್ದಾಗ ಹಿಂದಿನ ಸ್ಪೈಕ್‌ನಿಂದ ಎಷ್ಟು ಹೊತ್ತಾಯಿತು ನೋಡಿ ಸೋರಿಕೆಯನ್ನು ಒಂದೇ ಸಲ ಲೆಕ್ಕ ಹಾಕಿದರೆ ಸಾಕು. ಬೋರ್ಡ್ ಮೇಲಿನ ಪವರ್ ಎಲ್‌ಇಡಿ ಮರೆಯದೆ ಕೀಳಿ, ನಿದ್ದೆಯಲ್ಲಿರುವ ಚಿಪ್‌ಗಿಂತ ಅದೇ ಜಾಸ್ತಿ ತಿನ್ನುತ್ತದೆ.