ಕೆಲಸ ಬಿಟ್ಟು ಕ್ಯಾಮೆರಾ ಹಿಡಿಯಲೇ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಶಿವಮೊಗ್ಗದಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಮಂಡಗದ್ದೆ ಪಕ್ಷಿಧಾಮದ ಹತ್ತಿರ ಬಸ್ ಇಳಿದು ಹಕ್ಕಿಗಳ ಫೋಟೊ ತೆಗೆದೆ. ಆಮೇಲೆ ಬೇರೆ ಯಾವುದೂ ತಲೆಗೆ ಹತ್ತುತ್ತಿಲ್ಲ. ಇದನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಸಾಗರದಿಂದ, ಮದುವೆ ಫೋಟೊಗ್ರಾಫರ್: ಖಂಡಿತ ಮಾಡಬಹುದು. ಆದರೆ ಕೆಲಸ ಈಗಲೇ ಬಿಡಬೇಡಿ ಮಾರಾಯ್ರೆ. ನಮ್ಮ ಕಡೆ ದುಡ್ಡು ಬರುವುದು ಮದುವೆ, ಉಪನಯನ, ಗೃಹಪ್ರವೇಶದಿಂದ. ಆಷಾಢದಲ್ಲಿ ಮುಹೂರ್ತವೇ ಇರುವುದಿಲ್ಲ. ಆ ಖಾಲಿ ದಿನಗಳ ಖರ್ಚನ್ನು ಬೇಸಿಗೆಯಲ್ಲೇ ಎತ್ತಿಡಬೇಕು. ಮೊದಲು ರಜಾ ದಿನ ಅನುಭವಸ್ಥ ಫೋಟೊಗ್ರಾಫರ್ ಜೊತೆ ಸಹಾಯಕರಾಗಿ ಎರಡನೇ ಕ್ಯಾಮೆರಾ ಹಿಡಿದು ಹೋಗಿ. ಮನೆ ಮುಂದಿನ ಚಪ್ಪರದ ಮದುವೆಯಲ್ಲಿ ಕಲಿಯುವುದು ತುಂಬಾ ಇದೆ. ಒಳಗೆ ಮಬ್ಬು, ಹೊರಗೆ ಬಿಸಿಲು. ಕ್ಯಾಮೆರಾ ಅಂಗಳದ ಬೆಳಕು ನೋಡಿ ಅಳೆದರೆ ಮುಖ ಕಪ್ಪಾಗುತ್ತದೆ. ಫ್ಲಾಶ್ ಮೇಲಕ್ಕೆ ತಿರುಗಿಸಿ ಹೊಡೆಯೋಣ ಅಂದರೆ ಬೆಳಕು ಬಡಿದು ಕೆಳಗೆ ಬರಲು ಬಿಳಿ ಸೀಲಿಂಗ್ ಇಲ್ಲ. ಹಾಗಾಗಿ ದೊಡ್ಡ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಿಂಡಿ ದೊಡ್ಡದಿರುವ ಲೆನ್ಸ್ ಬೇಕು. 50 ಎಂಎಂ, ಎಫ್ 1.8 ತೆಗೆದುಕೊಳ್ಳಿ, ಬೆಲೆಯೂ ಕಮ್ಮಿ. ಇನ್ನೊಂದು ಮಾತು: ನಿಮಗೋಸ್ಕರ ಯಾರೂ ಎರಡನೇ ಸಲ ಧಾರೆ ಎರೆಯುವುದಿಲ್ಲ. ಒಟ್ಟಿಗೆ ಎರಡು ಕಾರ್ಡ್‌ಗೆ ಬರೆಯುವ ಕ್ಯಾಮೆರಾ ಇಟ್ಟುಕೊಳ್ಳಿ. ಮನೆಗೆ ಬಂದ ರಾತ್ರಿಯೇ ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಆಲ್ಬಂ ಹೇಳಿದ ದಿನ ಕೊಟ್ಟರೆ ಮುಂದಿನ ಮದುವೆಗೆ ಅವರ ನೆಂಟರೇ ಕರೆಯುತ್ತಾರೆ.

ಆಗುಂಬೆ ಕಡೆಯಿಂದ: ಲೆನ್ಸ್‌ಗೆ ಬೂಸ್ಟು ಹಿಡಿಯುವುದರ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮಳೆಗಾಲದಲ್ಲಿ ಬಟ್ಟೆಯ ಬ್ಯಾಗಿನಲ್ಲಿ ಮುಚ್ಚಿಟ್ಟರೆ ಗಾಜಿನ ಒಳಗೆ ಎಳೆ ಎಳೆಯಾಗಿ ಫಂಗಸ್ ಬೆಳೆಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್ ಇಡಿ. ಮುಳ್ಳು ಶೇ. 40ರಿಂದ 50ರ ನಡುವೆ ಇದ್ದರೆ ಸಾಕು. ಕ್ಯಾಮೆರಾವನ್ನು ಸುಮ್ನೆ ಇಡಬೇಡಿ, ಆಗಾಗ ತೆಗೆದು ಬಳಸುತ್ತಿರಿ.

ಶಿವಮೊಗ್ಗದಿಂದ, ಹಕ್ಕಿ ಫೋಟೊ ತೆಗೆಯುವವಳು: ಮಂಡಗದ್ದೆ ಬಿಡಬೇಡಿ. ಜುಲೈ ಹೊತ್ತಿಗೆ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿರುತ್ತವೆ. ಬೆಳ್ಳಕ್ಕಿ ಹಾರುವಾಗ ಶಟರ್ ಸ್ಪೀಡ್ (ಶಟರ್ ತೆರೆದಿರುವ ಹೊತ್ತು) 1/1000 ಸೆಕೆಂಡಿಗಿಂತ ವೇಗವಾಗಿ ಇಡಿ. ಹಿಂದೆ ಕಡು ಹಸಿರು ಇದ್ದರೆ ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕು) ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಗರಿಯ ಗೆರೆಗಳೆಲ್ಲ ಬಿಳಿಯಾಗಿ ಅಳಿಸಿಹೋಗುತ್ತವೆ. ದಯವಿಟ್ಟು ಗೂಡುಗಳ ಮೇಲೆ ಡ್ರೋನ್ ಹಾರಿಸಬೇಡಿ. ಗಾಬರಿಯಿಂದ ತಾಯಿ ಎದ್ದರೆ ಮೊಟ್ಟೆ, ಮರಿ ಮಳೆಯಲ್ಲಿ ನೆನೆಯುತ್ತವೆ.

ಹಕ್ಕಿ ಫೋಟೊ ಮಾರಿ ಬದುಕುವುದು ಕಷ್ಟ, ಅಲ್ವಾ? ನನಗೆ ಆಸರೆಯಾಗಿದ್ದು ಹೋಮ್‌ಸ್ಟೇಗಳು. ಅವರಿಗೆ ಕೋಣೆ, ತೋಟ, ಅಡುಗೆಯ ಒಳ್ಳೆಯ ಫೋಟೊ ಬೇಕು. ಮಳೆಗಾಲದ ಹಸಿರಂತೂ ಬೇಕೇ ಬೇಕು. ಮದುವೆ ಇಲ್ಲದ ತಿಂಗಳಲ್ಲೇ ಈ ಕೆಲಸ ಸಿಗುತ್ತದೆ. ಪರಿಚಯದ ಒಂದು ಹೋಮ್‌ಸ್ಟೇಗೆ ಹೋಗಿ, ನಿಮ್ಮ ಹತ್ತಿಪ್ಪತ್ತು ಫೋಟೊ ತೋರಿಸಿ ಕೇಳಿ. ಅಡ್ವಾನ್ಸ್ ತೆಗೆದುಕೊಂಡೇ ದಿನ ಗೊತ್ತುಮಾಡಿ.