ಪದಚರ್ಚೆ: ಪರೀಕ್ಷೆಯಲ್ಲಿ ಫೇಲಾದ ಮಾತ್ರೆಗೆ ‘ನಕಲಿ’ ಎನ್ನಬಹುದೇ?

ಗೌರಿಬಿದನೂರಿನಿಂದ:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಮೂರು ಪದ ಬೇಕು. ಮೆಡಿಕಲ್ ಸ್ಟೋರುಗಳ ಮುಂದೆ ಅಂಟಿಸುವ ಪ್ರಕಟಣೆಯ ಅನುವಾದ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಬಿಪಿ ಮಾತ್ರೆಯ ಒಂದು ಬ್ಯಾಚು ಪ್ರಯೋಗಾಲಯದ ಡಿಸಲ್ಯೂಷನ್ ಪರೀಕ್ಷೆಯಲ್ಲಿ, ಅಂದರೆ ಮಾತ್ರೆಯೊಳಗಿನ ಔಷಧ ದ್ರವಕ್ಕೆ ಎಷ್ಟು ಇಳಿಯುತ್ತದೆ ಎಂದು ಅಳೆಯುವ ಪರೀಕ್ಷೆಯಲ್ಲಿ, ಪಾಸಾಗಿಲ್ಲ. ಇಂಗ್ಲಿಷ್ ಪ್ರತಿಯಲ್ಲಿರುವುದು ‘ನಾಟ್ ಆಫ್ ಸ್ಟ್ಯಾಂಡರ್ಡ್ ಕ್ವಾಲಿಟಿ’, ‘ರೀಕಾಲ್’, ಮತ್ತು ಅಂಗಡಿಯವರು ಆ ಸರಕನ್ನು ಬೇರೆ ಎತ್ತಿಡುವ ಪೆಟ್ಟಿಗೆಯ ಮೇಲೆ ‘ನಾಟ್ ಫಾರ್ ಸೇಲ್’. ಕರಡಿನಲ್ಲಿ ಮೊದಲನೆಯದಕ್ಕೆ ‘ನಕಲಿ ಔಷಧಿ’ ಎಂದಿದೆ. ಇಟ್ಟುಕೊಳ್ಳಬಹುದೇ?

ತುಮಕೂರಿನಿಂದ:

ಮೊದಲು ‘ಔಷಧಿ’ಯನ್ನು ಹೊಡೆದುಹಾಕಿ. ಓಷಧಿ ಎಂದರೆ ಫಲ ಬಿಟ್ಟ ಮೇಲೆ ಒಣಗಿಹೋಗುವ ಗಿಡ: ಭತ್ತ, ರಾಗಿಯಂಥವು. ಅದರಿಂದಾದದ್ದು ಔಷಧ. ಊರ ತುಂಬ ಬೋರ್ಡುಗಳಲ್ಲಿ ತಪ್ಪಿದೆ ಎಂದು ನೀವೂ ತಪ್ಪಬೇಕಿಲ್ಲ. ‘ನಕಲಿ’ ಅರಬ್ಬಿಯಿಂದ ಬಂದದ್ದು, ಅದೂ ಬೇಡ. ‘ಪ್ರಮಾಣಬಾಹಿರ ಔಷಧ’ ಎನ್ನಿ.

ಕೋಲಾರದಿಂದ:

‘ನಕಲಿ’ ಖಂಡಿತ ಬೇಡ. ಅರಬ್ಬಿ ಎಂಬ ಕಾರಣಕ್ಕಲ್ಲ, ಅರ್ಥವೇ ಬೇರೆ ಎಂಬ ಕಾರಣಕ್ಕೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಇವು ಬೇರೆಬೇರೆ ಮನೆಗಳು. 17ನೇ ಕಲಮು ತಪ್ಪು ಲೇಬಲಿನದು: ಹೊರಗೆ ಸುಳ್ಳು ಹೇಳಿಕೆ ಬರೆಯುವುದು, ಬರೆಯಲೇಬೇಕಾದ್ದನ್ನು ಬಿಡುವುದು, ಕೆಟ್ಟದ್ದು ಕಾಣದಂತೆ ಬಣ್ಣ ಬಳಿಯುವುದು. 17ಎ ಕಲಬೆರಕೆಯದು: ಕೊಳೆತದ್ದು, ಕೊಳಕು ಜಾಗದಲ್ಲಿ ತಯಾರಾದದ್ದು, ಶಕ್ತಿ ಕುಂದುವಂತೆ ಇನ್ನೇನನ್ನೋ ಬೆರೆಸಿದ್ದು. 17ಬಿ ನಕಲಿಯದು: ಇನ್ನೊಂದು ಔಷಧದ ಹೆಸರು ಹೊತ್ತದ್ದು, ಇಲ್ಲದ ಕಂಪನಿಯ ಹೆಸರು ಅಚ್ಚಾದದ್ದು, ಇನ್ನೊಬ್ಬರ ಸರಕಿನಂತೆ ತೋರಿಸಿ ಮಾರಿದ್ದು.

ನಿಮ್ಮ ಮಾತ್ರೆ ಈ ಮೂರರಲ್ಲಿ ಯಾವುದೂ ಅಲ್ಲ. ಲೈಸೆನ್ಸ್ ಇರುವ ಕಂಪನಿ, ಅದರದೇ ಹೆಸರು, ಒಳಗೆ ಇರಬೇಕಾದ ಔಷಧವೇ ಇದೆ. ಆದರೆ ಹೊಟ್ಟೆಯಲ್ಲಿ ಹೊತ್ತಿಗೆ ಸರಿಯಾಗಿ ಬಿಡುಗಡೆಯಾಗುವುದಿಲ್ಲ. ನಕಲಿ ಔಷಧದಿಂದ ಸಾವು ಅಥವಾ ತೀವ್ರ ಹಾನಿ ಸಂಭವಿಸಿದರೆ ಕನಿಷ್ಠ 10 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಅಂಥ ಆರೋಪ ಹೊತ್ತ ಪದವನ್ನು ಅಂಗಡಿಯ ಗೋಡೆಗೆ ಅಂಟಿಸಿದರೆ ನಾಳೆ ಲಾಯರ್ ನೋಟಿಸು ಬರುತ್ತದೆ. ‘ಪ್ರಮಾಣಬಾಹಿರ’ವೂ ಇದೇ ಜಾಡು. ‘ಬಾಹಿರ’ ಕಂಡ ಕೂಡಲೇ ಜನರಿಗೆ ನೆನಪಾಗುವುದು ‘ಕಾನೂನುಬಾಹಿರ’. ‘ನಿಗದಿತ ಗುಣಮಟ್ಟವಿಲ್ಲದ’ ಎಂದರೆ ಸಾಕು.

ಪಾವಗಡದಿಂದ:

ಔಷಧವೋ ಔಷಧಿಯೋ ಎಂಬ ಜಗಳವೇ ದಂಡ. ‘ಮದ್ದು’ ಎನ್ನಿ, ಮುಗಿಯಿತು. ‘ಮಟ್ಟವಿಲ್ಲದ ಮದ್ದು’. ಮೂರು ವರ್ಷದ ಮಗುವಿಗೂ ತಿಳಿಯುತ್ತದೆ.

ಕೋಲಾರದಿಂದ:

ಮಗುವಿಗೆ ತಿಳಿದೀತು, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಮಾತ್ರ ಬೇರೆ ಏನೋ ತಿಳಿಯುತ್ತದೆ. ಅಲ್ಲಿ ಮನೆಮಾತು ತೆಲುಗು. ‘ಮಂದು’ ಎಂದರೆ ಔಷಧವೂ ಹೌದು, ಹೆಂಡವೂ ಹೌದು. ಕನ್ನಡದಲ್ಲೇ ‘ಅವರಿಗೆ ಮದ್ದು ಹಾಕಿದ್ದಾರೆ’ ಎಂದರೆ ಏನರ್ಥ? ಕೆಟ್ಟ ಮಾತ್ರೆಯ ಪ್ರಕಟಣೆಯಲ್ಲಿ ‘ಮಟ್ಟವಿಲ್ಲದ ಮದ್ದು’ ಓದಿದವರು ವಿಷವೆಂದೇ ತಿಳಿಯುತ್ತಾರೆ.

ತುಮಕೂರಿನಿಂದ:

‘ಗುಣಮಟ್ಟ’ ಅರಿಸಮಾಸ. ಸಂಸ್ಕೃತದ ಗುಣಕ್ಕೆ ಕನ್ನಡದ ಮಟ್ಟ ಹೊಲಿಯುವುದು ಸಲ್ಲದು. ಸುಲಭ ಎಂಬ ಒಂದೇ ನೆವದಲ್ಲಿ ವ್ಯಾಕರಣವನ್ನು ಕೈಬಿಡಬಾರದು.

ಪಾವಗಡದಿಂದ:

ಕನ್ನಡದ ಮಳೆಗೆ ಸಂಸ್ಕೃತದ ಕಾಲ ಹೊಲಿದ ‘ಮಳೆಗಾಲ’ವನ್ನು ಏನು ಮಾಡುತ್ತೀರಿ ಮೇಷ್ಟ್ರೇ? ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಹಳೆಯ ಕವಿಗಳ ಬಳಕೆಗೆ ವಿನಾಯಿತಿ ಕೊಟ್ಟಿದ್ದಾನೆ. ‘ಗುಣಮಟ್ಟ’ ಪಡಿತರದ ಅಕ್ಕಿಯಿಂದ ಹಿಡಿದು ರಸ್ತೆಯ ಡಾಂಬರಿನವರೆಗೆ ಬಳಕೆಯಲ್ಲಿದೆ. ಸಂಸ್ಕೃತದಿಂದ ತಂದರೆ ಸಂಪತ್ತು, ಉರ್ದುವಿನಿಂದ ಬಂದರೆ ಮೈಲಿಗೆ ಎನ್ನುವ ಲೆಕ್ಕ ನನಗೆ ಹಿಡಿಸದು.

ಗೌರಿಬಿದನೂರಿನಿಂದ:

ದಯವಿಟ್ಟು ಪ್ರಕಟಣೆಗೆ ಬನ್ನಿ. ‘ಕಳಪೆ’ ಹೇಗೆ? ಪತ್ರಿಕೆಗಳು ಹಾಗೇ ಬರೆಯುತ್ತವೆ. ಜೊತೆಗೆ ಡಿಸಲ್ಯೂಷನ್‌ಗೆ ‘ಮಾತ್ರೆ ಕರಗುತ್ತಿಲ್ಲ’ ಎಂದರೆ ಸಾಲದೇ?

ಕೋಲಾರದಿಂದ:

‘ಕಳಪೆ’ ಶೀರ್ಷಿಕೆಗೆ ನಡೆದೀತು. ಆದರೆ ಅದು ಬೈಗುಳ, ವಿವರಣೆಯಲ್ಲ.

‘ಮಾತ್ರೆ ಕರಗುತ್ತಿಲ್ಲ’ ಬೇಡವೇ ಬೇಡ ಮೇಡಂ. ಮನೆಯಲ್ಲಿ ಲೋಟದ ನೀರಿಗೆ ಹಾಕಿ ನೋಡುತ್ತಾರೆ, ಅದು ಚೂರಾಗುತ್ತದೆ, ‘ಚೆನ್ನಾಗಿದೆಯಲ್ಲ’ ಎಂದು ನುಂಗುತ್ತಾರೆ. ಒಡೆಯುವುದು ಒಂದು ಪರೀಕ್ಷೆ, ಕರಗುವುದು ಇನ್ನೊಂದು. ಲೇಪನವಿಲ್ಲದ ಸಾಮಾನ್ಯ ಮಾತ್ರೆ 15 ನಿಮಿಷದಲ್ಲಿ ಒಡೆಯಬೇಕು, ತೆಳು ಫಿಲ್ಮ್ ಲೇಪದ್ದು 30 ನಿಮಿಷದಲ್ಲಿ. ಡಿಸಲ್ಯೂಷನ್ನಿನಲ್ಲಿ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್‌ನ 900 ಮಿಲಿಲೀಟರ್ ದ್ರವಕ್ಕೆ ಮಾತ್ರೆ ಹಾಕಿ ತಿರುಗಿಸಿ, ಗೊತ್ತಾದ ಹೊತ್ತಿನಲ್ಲಿ ಎಷ್ಟು ಔಷಧ ದ್ರವಕ್ಕೆ ಇಳಿದಿದೆ ಎಂದು ಅಳೆಯುತ್ತಾರೆ. ಮೊದಲ ಸುತ್ತಿಗೆ 6 ಮಾತ್ರೆ. ಆರರಲ್ಲಿ ಪ್ರತಿಯೊಂದೂ ನಿಗದಿತ ಪ್ರಮಾಣಕ್ಕಿಂತ ಶೇ 5ರಷ್ಟಾದರೂ ಹೆಚ್ಚು ಬಿಟ್ಟಿರಬೇಕು. ಇಲ್ಲದಿದ್ದರೆ ಇನ್ನು 6, ಆಮೇಲೆ ಇನ್ನು 12 ತೆಗೆದು ಸರಾಸರಿ ನೋಡುತ್ತಾರೆ. 24ರಲ್ಲೂ ನಿಲ್ಲದಿದ್ದರೆ ಫೇಲು. ಮಾತ್ರೆಯನ್ನು ವಿಪರೀತ ಒತ್ತಿ ಗಟ್ಟಿ ಮಾಡಿದ್ದರೆ ಹೀಗಾಗುತ್ತದೆ. ಅಚ್ಚಿಗೆ ಅಂಟದಿರಲೆಂದು ಹಾಕುವ ಮೆಗ್ನೀಸಿಯಂ ಸ್ಟಿಯರೇಟನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಲಸಿದರೂ ಅಷ್ಟೇ, ಅದು ಕಣಗಳ ಮೈಗೆಲ್ಲ ಹತ್ತಿಕೊಂಡು ನೀರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ‘ಮಾತ್ರೆಯಿಂದ ಔಷಧ ಸಾಕಷ್ಟು ಬಿಡುಗಡೆಯಾಗುತ್ತಿಲ್ಲ’ ಎಂದು ಬರೆಯಿರಿ.

ಇನ್ನೊಂದು. ಇದು ಬಿಪಿ ಮಾತ್ರೆ. ‘ನಕಲಿ’, ‘ಕಳಪೆ’ ಎಂದು ದಪ್ಪಕ್ಷರದಲ್ಲಿ ಹಾಕಿದರೆ ಓದಿದವರು ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಅಟೆನಲಾಲ್, ಮೆಟೊಪ್ರೊಲಾಲ್ ಥರದವನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಕಾಣಿಸಿಕೊಳ್ಳಬಹುದು, ಹೃದಯಾಘಾತವೂ ಆಗಬಹುದು. ಮೊದಲ ಸಾಲಿನಲ್ಲೇ ‘ಮಾತ್ರೆ ನಿಲ್ಲಿಸಬೇಡಿ, ಬೇರೆ ಬ್ಯಾಚಿನದನ್ನು ಬದಲಾಯಿಸಿಕೊಳ್ಳಿ’ ಎಂದಿರಲಿ. ಪದ ಯಾವುದಾದರೂ ಆಗಲಿ, ಈ ಸಾಲು ಬಿಟ್ಟರೆ ಪ್ರಕಟಣೆಯೇ ಅಪಾಯ.

ತಿಪಟೂರಿನಿಂದ:

‘ರೀಕಾಲ್’ಗೆ ‘ಹಿಂಪಡೆ’ ಸರಿ. ಆದರೆ ಯಾರು ಮಾಡುವುದು ಎಂದು ನೋಡಿ. ಹಿಂಪಡೆಯುವುದು ಕಂಪನಿ, ಮರಳಿಸುವುದು ಅಂಗಡಿ ಮತ್ತು ರೋಗಿ. ಎಲ್ಲದಕ್ಕೂ ‘ಹಿಂಪಡೆಯಿರಿ’ ಎಂದರೆ, ಗಿರಾಕಿ ಅಂಗಡಿಗೆ ಹೋಗಿ ಆ ಮಾತ್ರೆಯನ್ನೇ ಪಡೆಯಬೇಕು ಎಂದಾಗುತ್ತದೆ.

ಪೆಟ್ಟಿಗೆಯ ಮೇಲೆ ‘ಮಾರಾಟಕ್ಕಲ್ಲ’. ‘ಮಾರಾಟಕ್ಕಿಲ್ಲ’ ಎಂದು ಬರೆಯಬೇಡಿ, ಅದು ‘ಸ್ಟಾಕ್ ಇಲ್ಲ’ ಎಂಬಂತೆ ಕೇಳುತ್ತದೆ. ಅವಧಿ ಮುಗಿದ ಸರಕನ್ನು ಕಂಪನಿಗೆ ಕಳಿಸುವವರೆಗೆ ಬೇರೆ ಪೆಟ್ಟಿಗೆಯಲ್ಲಿಟ್ಟು ಮೇಲೆ ಹೀಗೇ ಬರೆಯಬೇಕು ಎಂದು 1945ರ ನಿಯಮಗಳಲ್ಲೇ ಇದೆ. ಇದಕ್ಕೂ ಅದೇ ಪದ ಹೊಂದುತ್ತದೆ. ‘ಕ್ವಾರಂಟೈನ್’ ಎಂದು ಬರೆಯುವ ಚಪಲ ಬೇಡ. ಕೊರೋನಾ ಬಂದು ಹೋದ ಮೇಲೆ ಆ ಪದಕ್ಕೆ ಮನುಷ್ಯರೇ ನೆನಪಾಗುವುದು.

ಪಾವಗಡದಿಂದ:

‘ಬ್ಯಾಚ್’ ಯಾಕೆ ಉಳಿಸಿಕೊಂಡಿರಿ? ‘ತಂಡ ಸಂಖ್ಯೆ’ ಎನ್ನಿ. ಇಲ್ಲವೇ ‘ಹೂಡ ಸಂಖ್ಯೆ’.

ಕೋಲಾರದಿಂದ:

ಬೇಡ. ಜನ ಪ್ರಕಟಣೆ ಹಿಡಿದು ಸ್ಟ್ರಿಪ್ಪಿನಲ್ಲಿ ಹುಡುಕುವುದು ಬ್ಯಾಚ್ ನಂಬರನ್ನೇ. ಅಲ್ಲಿ ‘ತಂಡ’ ಎಂದು ಅಚ್ಚಾಗಿಲ್ಲ. ನಂಬರನ್ನು ಸ್ಟ್ರಿಪ್ಪಿನಲ್ಲಿ ಹೇಗಿದೆಯೋ ಹಾಗೇ, ಇಂಗ್ಲಿಷ್ ಅಕ್ಷರದಲ್ಲೇ ಮುದ್ರಿಸಿ. ಕನ್ನಡ ಲಿಪಿಗೆ ತಂದರೆ ಹೋಲಿಸಿ ನೋಡಲಾಗದು. ನಿಮ್ಮ ‘ಹೂಡ’ ಏನೆಂದು ನನಗೂ ಗೊತ್ತಾಗಲಿಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ನಾಲ್ಕು ಮಾತ್ರೆ ಬೇಕೆಂದವರಿಗೆ ಸ್ಟ್ರಿಪ್ಪನ್ನು ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರು, ಅವಧಿ ಎಷ್ಟೋ ಸಲ ಅಚ್ಚಾಗಿರುವುದು ಒಂದು ತುದಿಯಲ್ಲಿ ಮಾತ್ರ, ಆ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಹಾಗಾಗಿ ‘ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ನಂಬರ್ ಕಾಣದಿದ್ದರೆ ಬಿಲ್ಲಿನಲ್ಲಿ ನೋಡಿ, ಬಿಲ್ಲೂ ಇಲ್ಲದಿದ್ದರೆ ಕೊಂಡ ಅಂಗಡಿಯಲ್ಲೇ ಕೇಳಿ’ ಎಂದು ಸೇರಿಸಿ.

ಗೌರಿಬಿದನೂರಿನಿಂದ:

ಸೇರಿಸಿದೆ. ಪ್ರೆಸ್ಸಿಗೆ ಹೋಗುತ್ತಿರುವುದು ಇದು: ‘ಬಿಪಿ ಮಾತ್ರೆ ನಿಲ್ಲಿಸಬೇಡಿ. ಕೆಳಗಿನ ಬ್ಯಾಚ್ ನಿಮ್ಮಲ್ಲಿದ್ದರೆ ಕೊಂಡ ಅಂಗಡಿಗೆ ಮರಳಿಸಿ, ಬೇರೆ ಬ್ಯಾಚಿನದನ್ನು ಪಡೆಯಿರಿ. ಈ ಬ್ಯಾಚ್ ನಿಗದಿತ ಗುಣಮಟ್ಟದ್ದಲ್ಲ: ಮಾತ್ರೆಯಿಂದ ಔಷಧ ಸಾಕಷ್ಟು ಬಿಡುಗಡೆಯಾಗುತ್ತಿಲ್ಲ. ಕಂಪನಿ ಇದನ್ನು ಹಿಂಪಡೆಯುತ್ತಿದೆ.’ ಕತ್ತರಿಸಿದ ಸ್ಟ್ರಿಪ್ಪಿನ ಸಾಲು ನಂಬರಿನ ಕೆಳಗೆ ಬರುತ್ತದೆ.

ತುಮಕೂರಿನಿಂದ:

‘ನಿಗದಿತ’ ತಪ್ಪು ರೂಪ. ‘ನಿಗದಿ’ ಸಂಸ್ಕೃತವಲ್ಲ, ಅದಕ್ಕೆ ‘ಇತ’ ಹತ್ತುವುದಿಲ್ಲ. ‘ನಿಗದಿಯಾದ’ ಎಂದಿರಬೇಕು.

ಗೌರಿಬಿದನೂರಿನಿಂದ:

ಪ್ಲೇಟು ಆಗಿಹೋಯಿತು ಸರ್.